ವಾಚಣ್ಣನ ಹಾಜರಿ

ಮಾರ್ಚ್ ೩೧, ಸೋಮವಾರ
(ವಾರದ ರಜೆ. ಆದರೂ ಲೈಬ್ರರಿಯಲ್ಲೇ ಕೂತಿದ್ದೇನೆ.)

ಪ್ರೀತಿಯ ಗುಬ್ಬಿ,

ಕಾಗದದ ಮೊದಲಿಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದು ವಾಡಿಕೆ. ನಿನ್ನಮ್ಮ ಕ್ಷೇಮ. ಅವಳ ಮಂಡಿನೋವು ಅವಳಿಗಿಂತಲೂ ಕ್ಷೇಮ. ನನ್ನ ಕ್ಷೇಮದ ವಿಷಯವನ್ನು ಈ ಕಾಗದ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನ ಮಾಡು.

ನಿನ್ನ ಪತ್ರ ಬಂದು ಐದು ವಾರವಾಯಿತು. ಉತ್ತರ ತಡವಾದದ್ದಕ್ಕೆ ವಾರಕ್ಕೊಂದರಂತೆ ಐದು ನೆಪ ತಯಾರು ಮಾಡಿಟ್ಟುಕೊಂಡಿದ್ದೆ. ವರ್ಷದ ಕೊನೆಯ ಪುಸ್ತಕ ಎಣಿಕೆ, ಕನ್ನಡಕದ ಕಾಲು ಮುರಿದದ್ದು, ಗೆದ್ದಲು, ನೆಗಡಿ, ಮತ್ತೆ ಗೆದ್ದಲು. ಐದೂ ನಿಜವೇ, ಆದರೆ ಅವುಗಳಲ್ಲಿ ಒಂದೂ ಕಾರಣವಲ್ಲ.

ಫೆಬ್ರವರಿಯಲ್ಲಿ ನಾನು ಬರೆದ ಪತ್ರವನ್ನು ನಿನ್ನ ತರಗತಿಯಲ್ಲಿ ಗಟ್ಟಿಯಾಗಿ ಓದಿದೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ‘ಇಂಥವರು ಇರೋದ್ರಿಂದಲೇ ಲೈಬ್ರರಿಗಳು ಉಳ್ಕೊಂಡಿವೆ’ ಎಂದು ನಿಮ್ಮ ಮೇಡಂ ಹೇಳಿದರಂತೆ. ಗ್ರಂಥಾಲಯ ವಿಜ್ಞಾನದ ಮಕ್ಕಳಿಗೆಲ್ಲ ಅನುಕೂಲವಾಗಲಿ ಎಂದು ‘ಸಣ್ಣ ಊರಿನ ಗ್ರಂಥಾಲಯದ ಒಂದು ವರ್ಷ’ ಅಂತ ನಾನೊಂದು ಲೇಖನ ಬರೆದುಕೊಡಬೇಕಂತೆ. ‘ಎರಡು ಪುಟ ಸಾಕಪ್ಪ, ತಮಾಷೆಯಾಗಿ ಬರೀರಿ, ನಿಮಗೆ ಅದು ನೀರು ಕುಡಿದಷ್ಟು ಸುಲಭ’ ಎಂದು ಬರೆದಿದ್ದೀಯ. ಕುಡಿಯಲು ಹೋದೆ ಮಗಳೇ, ಗಂಟಲಿಗೆ ಸಿಕ್ಕಿಕೊಂಡಿತು.

ಆದರೂ ಕೇಳಿದ್ದೀಯಲ್ಲ. ಒಂದು ವರ್ಷದ ಕಥೆ ಹೇಳುತ್ತೇನೆ. ಲೈಬ್ರರಿಯವನು ಕೇಳಿದ ಪುಸ್ತಕವನ್ನು ಕೊಡಲೇಬೇಕು, ಅದರೊಳಗೆ ಏನಿದ್ದರೂ.

ವರ್ಷ ಶುರುವಾದದ್ದು ಹೋದ ಏಪ್ರಿಲ್‌ನಲ್ಲಿ, ಮೇಲಿನ ಕಚೇರಿಯ ಒಂದು ಸುತ್ತೋಲೆಯಿಂದ. ದಿನಕ್ಕೆ ಸರಾಸರಿ ನಲವತ್ತು ಓದುಗರಾದರೂ ಇಲ್ಲದ ಗ್ರಂಥಾಲಯಗಳನ್ನು ಹತ್ತಿರದ ದೊಡ್ಡ ಗ್ರಂಥಾಲಯದಲ್ಲಿ ವಿಲೀನಗೊಳಿಸಲಾಗುವುದು ಎಂದಿತ್ತು. ವಿಲೀನ ಎಂದರೆ ಗೊತ್ತಲ್ಲ, ಚಹಾದಲ್ಲಿ ಸಕ್ಕರೆ ಆದ ಹಾಗೆ. ಆಮೇಲೆ ಸಕ್ಕರೆ ಎಲ್ಲಿ ಹೋಯಿತು ಎಂದು ಚಮಚ ಹಿಡಿದು ಹುಡುಕಬಾರದು.

ನಮ್ಮ ಓದುಗರ ಸಂಪತ್ತು ನಿನಗೆ ಗೊತ್ತಿರುವುದೇ. ಒಳ್ಳೆಯ ದಿನ ಇಪ್ಪತ್ತೆರಡು, ಮಳೆಯ ದಿನ ಇಪ್ಪತ್ತಾರು. ಆ ಹೆಚ್ಚುವರಿ ನಾಲ್ವರು ಕೊಡೆ ಮರೆತು ಬಂದವರು. ಪರೀಕ್ಷೆಗೆ ಓದುವ ಯುವಕರು ತಮ್ಮ ಪುಸ್ತಕ ತಾವೇ ತಂದು ನಮ್ಮ ಫ್ಯಾನಿನ ಗಾಳಿ ಮಾತ್ರ ಎರವಲು ಪಡೆಯುತ್ತಾರೆ. ಗೊರಕೆ ಗುರುಗಳು ಸಂಪಾದಕೀಯ ಪುಟವನ್ನು ಮುಖದ ಮೇಲೆ ಹೊದ್ದುಕೊಂಡೇ ಅದರ ಸಾರವನ್ನು ಹೀರುತ್ತಾರೆ. ಪದಬಂಧದಮ್ಮ ಬಾಗಿಲು ತೆಗೆಯುವ ಮೊದಲೇ ಪೆನ್ಸಿಲ್ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಇವರೆಲ್ಲ ಒಳಗೆ ಬರುವಾಗ ಬಾಗಿಲ ಬಳಿಯ ಮೇಜಿನ ಮೇಲಿರುವ ಹಾಜರಿ ಪುಸ್ತಕದಲ್ಲಿ, ದಾರ ಕಟ್ಟಿದ ಪೆನ್ನಿನಿಂದ, ಒಂದು ಸಹಿ ಹಾಕುತ್ತಾರೆ. ನಮ್ಮ ಜೀವ ಆ ಸಹಿಗಳ ಎಣಿಕೆಯಲ್ಲಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಎಣಿಸಿದೆ. ಹತ್ತೊಂಬತ್ತು. ಗೊರಕೆ ಗುರುಗಳು ಅವತ್ತು ಬಂದಿರಲಿಲ್ಲ. ವರ್ಷಗಟ್ಟಲೆ ತಪ್ಪದೆ ಬರುವ ಮನುಷ್ಯ ಒಂದು ದಿನ ತಲೆನೋವೆಂದು ಮನೆಯಲ್ಲಿ ಮಲಗಿದರೆ ಅದಕ್ಕೆ ಲೈಬ್ರರಿ ಯಾಕೆ ಶಿಕ್ಷೆ ಅನುಭವಿಸಬೇಕು ಅನ್ನಿಸಿತು. ಅವರ ಸಹಿ ಸುಲಭ, ಒಂದು ಉದ್ದ ಗೆರೆ, ಕೊನೆಯಲ್ಲಿ ನಿದ್ದೆ ಹೋದ ಹಾಗೆ ಕೆಳಗೆ ಜಾರುತ್ತದೆ. ಹಾಕಿದೆ.

ಗುಬ್ಬಿ, ನಿನ್ನಪ್ಪ ತತ್ವವಿಲ್ಲದ ಮನುಷ್ಯನಲ್ಲ. ಇಲ್ಲದವರನ್ನು ಹುಟ್ಟಿಸಿ ಸಹಿ ಹಾಕಿಸಿದರೆ ಅದು ಶುದ್ಧ ಸುಳ್ಳು, ಅಂಥದ್ದನ್ನು ನಾನು ಮಾಡಲಿಲ್ಲ. ಇರುವವರೇ ಒಂದು ದಿನ ಬಾರದಿದ್ದಾಗ ಬಂದರು ಎನ್ನುವುದು ಸುಳ್ಳಲ್ಲ, ಮರ್ಯಾದೆ. ಹೀಗೊಂದು ಧರ್ಮಶಾಸ್ತ್ರವನ್ನು ನನಗೆ ನಾನೇ ಬರೆದು ನನಗೆ ನಾನೇ ಬೋಧಿಸಿಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರಲ್ಲ, ಪಾಪ, ಆ ಬೆಕ್ಕಿಗೂ ಒಂದು ಧರ್ಮಶಾಸ್ತ್ರ ಇದ್ದೀತು.

ಜೂನ್ ಹೊತ್ತಿಗೆ ಅದು ನಿತ್ಯಕರ್ಮವಾಯಿತು. ಸಂಜೆ ನಾಲ್ಕಕ್ಕೆ ಚಹಾ, ಮೂರು ಬಣ್ಣದ ಪೆನ್ನು, ಎಡಗೈಯ ಸಹಿಗಳು ಒಂದು ಕಡೆ, ಬಲಗೈಯವು ಇನ್ನೊಂದು ಕಡೆ. ಮಳೆಗಾಲದಲ್ಲಿ ಸೂರು ಸೋರಿ ಕವಿತೆಯ ಕಪಾಟಿನ ಕೆಳಗೆ ಬಕೆಟ್ಟು ಇಟ್ಟಿದ್ದೆವು. ಆ ಟಪ್ ಟಪ್ ತಾಳಕ್ಕೆ ಸರಿಯಾಗಿ ನಾನು ಸಹಿ ಹಾಕುತ್ತಿದ್ದೆ. ಕೊನೆಗೆ ಜನ ಸಾಲದೆ ಬಂದಾಗ ಮನೆಯವರನ್ನೂ ಬಿಡಲಿಲ್ಲ. ನಿನ್ನಮ್ಮ ವರ್ಷದಲ್ಲಿ ಅರವತ್ತಮೂರು ದಿನ ಲೈಬ್ರರಿಗೆ ಬಂದಿದ್ದಾಳೆ, ನನ್ನ ಜೊತೆ ಮಾತು ಬಿಟ್ಟ ವಾರವೂ ಸೇರಿ. ಬಸ್ಸಿನಲ್ಲಿ ಎಂಟು ಗಂಟೆ ದೂರದ ಹಾಸ್ಟೆಲಿನಲ್ಲಿರುವ ನೀನು ಆಗಸ್ಟ್‌ನಲ್ಲಿ ಹನ್ನೆರಡು ದಿನ ಬಂದಿದ್ದೀಯ. ಮನೆಗೆ ಮಾತ್ರ ಬರಲಿಲ್ಲ.

ನಗುತ್ತಿದ್ದೀಯಾ? ಇಲ್ಲಿಯವರೆಗೆ ನಗಬಹುದು.

ವಾಚಣ್ಣ ನಿನಗೆ ನೆನಪಿದ್ದಾರೆ ತಾನೇ? ರೈಲ್ವೆ ಗೇಟಿನ ಆಚೆ ಮನೆ, ಹಿಂದೆ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ನಿನಗೆ ಐದು ವರ್ಷವಿದ್ದಾಗ ಒಂದು ವಾಚಿನ ಬೆನ್ನು ಬಿಚ್ಚಿ, ‘ನೋಡು ಮರಿ, ಒಳಗೆ ಇರುವೆಗಳು ಸೈಕಲ್ ಹೊಡೀತಾ ಇವೆ’ ಎಂದು ತೋರಿಸಿದ್ದರಲ್ಲ, ಅವರೇ. ಅಂಗಡಿ ಮುಚ್ಚಿದ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಲೈಬ್ರರಿಗೆ ಬರುತ್ತಿದ್ದರು. ಭಾನುವಾರ ಮಾತ್ರ ಮೊದಲು ಸ್ಟೂಲು ಹತ್ತಿ ನಮ್ಮ ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಅದರ ಕೀಲಿ ಅವರ ಜೇಬಿನಲ್ಲೇ ಇರುತ್ತಿತ್ತು. ‘ನಿಮ್ಮ ಹತ್ರ ಇದ್ರೆ ಕಳೆದುಹಾಕ್ತೀರ ಸಾರ್, ನೀವು ಪುಸ್ತಕದೋರು’ ಎನ್ನುತ್ತಿದ್ದರು.

ಅವರ ಸಹಿ ನನಗೆ ಎಲ್ಲರದ್ದಕ್ಕಿಂತ ಇಷ್ಟ. ದುಂಡಗೆ ಒಂದು ಸುತ್ತು, ಅದರ ನೆತ್ತಿಯ ಮೇಲೊಂದು ಚುಕ್ಕೆ, ಥೇಟ್ ಗಡಿಯಾರ ಮತ್ತು ಅದಕ್ಕೆ ಕೀ ಕೊಡುವ ತಿರುಪು. ಸೆಪ್ಟೆಂಬರ್ ಮೊದಲ ವಾರ ಒಂದು ದಿನ ಅವರು ಬರಲಿಲ್ಲ. ನಾನು ಹಾಕಿದೆ. ಮಾರನೆಯ ದಿನವೂ ಬರಲಿಲ್ಲ. ಹಾಕಿದೆ. ಆಮೇಲೆ ಅವರು ಬಂದರೇ ಇಲ್ಲವೇ ಎಂದು ನೋಡುವುದನ್ನೇ ಬಿಟ್ಟೆ. ಹೇಗೂ ನಾಲ್ಕು ಗಂಟೆಗೆ ಬಂದುಬಿಡುತ್ತಿದ್ದರಲ್ಲ, ನನ್ನ ಕೈಯಲ್ಲಿ.

ಸೆಪ್ಟೆಂಬರ್ ಮಧ್ಯದಲ್ಲಿ ಗೋಡೆ ಗಡಿಯಾರ ಹನ್ನೊಂದು ಇಪ್ಪತ್ತೈದಕ್ಕೆ ನಿಂತಿತು. ನಮ್ಮ ಅಟೆಂಡರಮ್ಮ ಪೊರಕೆ ಹಿಡಿದುಕೊಂಡೇ ತಲೆಯೆತ್ತಿ ನೋಡಿ, “ಸಾರ್, ವಾಚಣ್ಣಂಗೆ ಹೇಳಿ, ಕೀ ಕೊಡ್ಲಿ” ಎಂದಳು.

“ದಿನಾ ಬರ್ತಾರಲ್ಲಮ್ಮ, ಬಂದಾಗ ಹೇಳೋಣ ಬಿಡು” ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಗುಬ್ಬಿ. ನಾನು ಅದನ್ನು ನಂಬಿದ್ದೆ. ಹಾಜರಿ ಪುಸ್ತಕದಲ್ಲಿ ಇತ್ತಲ್ಲ! ಮೇಲಿನ ಕಚೇರಿಯವರನ್ನು ನಂಬಿಸಲು ಬರೆದದ್ದಕ್ಕೆ ಮೊದಲು ಬಲಿಯಾದವನು ನಾನೇ. ನಿಂತ ಗಡಿಯಾರದ ಕೆಳಗೇ ಕೂತು, ಅದಕ್ಕೆ ಕೀ ಕೊಡುವವರ ಸಹಿಯನ್ನು ದಿನಾ ಹಾಕುತ್ತಾ, ‘ಗಡಿಯಾರ ಕೆಟ್ಟಿದೆ, ಹೊಸದು ಮಂಜೂರು ಮಾಡಬೇಕು’ ಎಂದು ಮೇಲಿನ ಕಚೇರಿಗೆ ಅರ್ಜಿ ಬರೆದ ಮಹಾನುಭಾವ ನಿನ್ನಪ್ಪ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವಧಿ ಮೀರಿದರೂ ಪುಸ್ತಕ ತಂದುಕೊಡದವರಿಗೆ ತಿಂಗಳ ಒಂದನೇ ತಾರೀಖು ನಾವು ಅಚ್ಚು ಹಾಕಿದ ಕಾರ್ಡು ಕಳಿಸುತ್ತೇವೆ. ‘ಮಾನ್ಯರೇ, ತಾವು ಪಡೆದ ಪುಸ್ತಕದ ಅವಧಿ ಮೀರಿದೆ, ದಯವಿಟ್ಟು ಹಿಂದಿರುಗಿಸಿ’ ಎಂದಿರುತ್ತದೆ. ವಿಳಾಸ ಮಾತ್ರ ನಾನು ಕೈಯಲ್ಲಿ ಬರೆಯುತ್ತೇನೆ. ವಾಚಣ್ಣನ ಬಳಿ ಒಂದು ಪುಸ್ತಕವಿತ್ತು. ಅಕ್ಟೋಬರ್, ನವೆಂಬರ್, ಡಿಸೆಂಬರ್, ಹೀಗೆ ನಿಯಮದ ಪ್ರಕಾರ ಕಳಿಸಬೇಕಾದ ಮೂರೂ ಕಾರ್ಡು ಹೋದವು. ದಿನಾ ಬರುವ ಮನುಷ್ಯನಿಗೆ ಅಂಚೆಯಲ್ಲಿ ಯಾಕೆ ಕಾರ್ಡು ಕಳಿಸುತ್ತಿದ್ದೇನೆ ಎಂದು ನನಗೆ ಒಂದು ಸಲವೂ ಹೊಳೆಯಲಿಲ್ಲ. ಬುದ್ಧಿ ಹುಲ್ಲು ಮೇಯಲು ಹೋಗುವುದು ಎನ್ನುತ್ತಾರೆ. ನನ್ನದು ಹೋದ ಮೇಲೆ ಹಟ್ಟಿಗೆ ತಿರುಗಿ ಬರಲೇ ಇಲ್ಲ.

ಫೆಬ್ರವರಿಯಲ್ಲಿ ಮೇಲಿನ ಕಚೇರಿಯ ಸಾಹೇಬರು ತಪಾಸಣೆಗೆ ಬಂದರು. ಹಾಜರಿ ಪುಸ್ತಕ ತಿರುವಿ ಹಾಕಿ ಹುಬ್ಬೇರಿಸಿದರು. ಸರಾಸರಿ ನಲವತ್ತೇಳು! “ಏನ್ರೀ ಇದು, ಇಷ್ಟು ಜನಾನ ಎಲ್ಲಿ ಕೂರಿಸ್ತೀರಿ?” ಎಂದು ಕೇಳಿದರು. ಮೂವತ್ತು ಕುರ್ಚಿ ಮಾತ್ರ ಇದ್ದವು. “ಪಾಳಿ ಪ್ರಕಾರ ಬರ್ತಾರೆ ಸಾರ್” ಎಂದೆ. ಖುಷಿಪಟ್ಟರು. ವಿಲೀನದ ಪಟ್ಟಿಯಿಂದ ನಮ್ಮ ಹೆಸರು ಹೊಡೆದುಹಾಕಿ, ಓದುಗರ ಸಂಖ್ಯೆಯಲ್ಲಿ ನಮ್ಮದೇ ಮೊದಲ ಸ್ಥಾನ ಎಂದರು. ಆ ರಾತ್ರಿಯೇ ನಿನಗೆ ಬರೆದೆ. ನೀನು ತರಗತಿಯಲ್ಲಿ ಓದಿದ್ದು ಅದನ್ನೇ.

ಸಾಹೇಬರು ಅಲ್ಲಿಗೂ ನಿಲ್ಲಲಿಲ್ಲ. ಅತಿ ಹೆಚ್ಚು ದಿನ ಬಂದವರಿಗೆ ‘ವರ್ಷದ ಓದುಗ’ ಸನ್ಮಾನ ಮಾಡಬೇಕೆಂದು ತಮ್ಮ ಗುಮಾಸ್ತರಿಗೆ ಎಣಿಸಲು ಹೇಳಿದರು. ಬಾಗಿಲು ತೆರೆದಿದ್ದ ಇನ್ನೂರ ಎಪ್ಪತ್ತೊಂದು ದಿನವೂ ತಪ್ಪದೆ ಬಂದವರು ಒಬ್ಬರೇ ಸಿಕ್ಕಿದರು, ವಾಚಣ್ಣ. ನಾನೇ ಒಂಬತ್ತು ದಿನ ರಜೆ ಹಾಕಿದ್ದೆ. ಅವರು ಹಾಕಿರಲಿಲ್ಲ. ನಾನು ರಜೆ ಮುಗಿಸಿ ಬಂದು ಒಟ್ಟಿಗೆ ತುಂಬಿಸಿದ್ದೆ. ಆಹ್ವಾನ ಪತ್ರಿಕೆಯನ್ನು ಕಚೇರಿಯವರೇ ನೇರವಾಗಿ ಅವರ ಮನೆಗೆ ಅಂಚೆಯಲ್ಲಿ ಕಳಿಸಿದರು.

ಅದನ್ನು ಹಿಡಿದುಕೊಂಡು ಒಂಬತ್ತು ದಿನದ ಹಿಂದೆ, ಶನಿವಾರ, ಅವರ ಹೆಂಡತಿ ಲೈಬ್ರರಿಗೆ ಬಂದರು. ಆಕೆಯನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಜೀವ, ಕೈಯಲ್ಲಿ ಬಟ್ಟೆ ಚೀಲ. ಬಾಗಿಲಲ್ಲೇ ನಿಂತು, “ಒಳಗೆ ಬರೋಕೆ ಸಹಿ ಹಾಕ್ಬೇಕಾ?” ಎಂದು ಕೇಳಿದರು.

“ಬನ್ನಿಮ್ಮ, ಕೂತ್ಕೊಳ್ಳಿ. ವಾಚಣ್ಣ ಬರ್ಲಿಲ್ವಾ?” ಎಂದೆ ನಾನು. ನನ್ನ ನಾಲಿಗೆಗೆ ಬೆಂಕಿ ಬೀಳ.

“ಅವರು ಹೋಗಿ ಎರಡೂವರೆ ತಿಂಗಳಾಯ್ತಲ್ಲಪ್ಪ.”

ಜನವರಿ ಒಂಬತ್ತಕ್ಕೆ, ದೂರದ ದೊಡ್ಡಾಸ್ಪತ್ರೆಯಲ್ಲಿ. ಅಲ್ಲೇ ಎಲ್ಲ ಮುಗಿಸಿ ಬಂದರಂತೆ. ಪತ್ರಿಕೆಯಲ್ಲಿ ಒಂದಿಂಚು ಸುದ್ದಿಯೂ ಬಂದಿತ್ತಂತೆ. ಆ ಪತ್ರಿಕೆಯನ್ನು ಅವತ್ತು ಬೆಳಿಗ್ಗೆ ಕೋಲಿಗೆ ಸಿಕ್ಕಿಸಿ ತೂಗುಹಾಕಿದವನು ನಾನು.

ಆಕೆ ಆಹ್ವಾನ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. “ಫೆಬ್ರವರಿ ತನಕ ದಿನಾ ಬಂದಿದಾರೆ ಅಂತ ಬರೆದಿದೆ ಇದ್ರಲ್ಲಿ. ಏನೋ ನಂಗೆ ಅರ್ಥ ಆಗ್ಲಿಲ್ಲ. ಕೇಳೋಣ ಅಂತ ಬಂದೆ.”

“ಅದು… ಬರವಣಿಗೆಯಲ್ಲಿ ಏನೋ ತಪ್ಪಾಗಿದೆ ಅಮ್ಮ.”

“ದಿನಾ ಒಂದೇ ತಪ್ಪಾ?”

ಗೊರಕೆ ಗುರುಗಳು ಕೂಡ ಪತ್ರಿಕೆ ಸರಿಸಿ ಎದ್ದು ಕೂತಿದ್ದರು. ಆಕೆ ಹಾಜರಿ ಪುಸ್ತಕ ನೋಡಬಹುದೇ ಎಂದು ಕೇಳಿದರು. ಸಾರ್ವಜನಿಕ ಗ್ರಂಥಾಲಯ, ಇಲ್ಲವೆನ್ನಲು ನಾನ್ಯಾರು? ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು, ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಅರ್ಧ ಗಂಟೆಯಾದರೂ ಆಗಿರಬೇಕು. ಗೋಡೆ ಗಡಿಯಾರ ಹನ್ನೊಂದು ಇಪ್ಪತ್ತೈದನ್ನೇ ತೋರಿಸುತ್ತಿತ್ತು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ತಿರುವುತ್ತಲೇ, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ ಹೇಳಿದರು: “ಸೆಪ್ಟೆಂಬರಿಂದ ಹಾಸಿಗೆ ಹಿಡಿದ್ರು. ಆದ್ರೂ ದಿನಾ ಒಂಬತ್ತೂವರೆಗೆ ಶರ್ಟ್ ಹಾಕು ಅನ್ನೋರು. ಎಲ್ಲಿಗೆ ಹೋಗ್ಬೇಕು ಅಂದ್ರೆ, ಹೋಗೋಕಲ್ವೇ, ಲೈಬ್ರರಿಯೋರು ಯಾರಾದ್ರೂ ನೋಡೋಕೆ ಬರ್ತಾರೆ, ನಾನು ಇಷ್ಟು ದಿನ ತಪ್ಪಿಸಿದ್ದೇ ಇಲ್ವಲ್ಲ, ಅವರಿಗೆ ಗೊತ್ತಾಗದೆ ಇರುತ್ತಾ ಅನ್ನೋರು. ಅಷ್ಟರಲ್ಲಿ ನಿಮ್ಮ ಕಾರ್ಡ್ ಬಂತು.”

ನಾನು ಪೆನ್ನಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದೆ.

“ಪುಸ್ತಕ ವಾಪಸ್ ಕೊಡಿ ಅಂತ ಅಚ್ಚಾಗಿತ್ತು. ಅವರು ಅದನ್ನು ಓದ್ಲೇ ಇಲ್ಲ, ವಿಳಾಸದ ಕಡೆ ತಿರುಗಿಸಿ, ನೋಡು, ಸಾರ್ ಕೈಬರಹ, ನೆನಪಿಸ್ಕೊಂಡಿದಾರೆ ಅಂದ್ರು. ಮೂರೂ ಕಾರ್ಡ್ ದಿಂಬಿನ ಕೆಳಗೇ ಇಟ್ಕೊಂಡಿದ್ರು.”

ಆಮೇಲೆ ಚೀಲದಿಂದ ಲೈಬ್ರರಿಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಹೊಸ ರಟ್ಟು ಹಾಕಿದ್ದರು. ಸೆರಗಿನ ಗಂಟು ಬಿಚ್ಚಿ ಒಂದು ಹಿತ್ತಾಳೆ ಕೀಲಿ ತೆಗೆದು ಅದರ ಮೇಲಿಟ್ಟರು. “ನಿಮ್ಮ ಗೋಡೆ ಗಡಿಯಾರದ್ದಂತೆ. ಮರೀದೆ ಕೊಟ್ಟು ಬಾ ಅಂದಿದ್ರು, ನಂಗೇ ತಡ ಆಯ್ತು. ಕ್ಷಮಿಸಿ” ಎಂದರು.

ಕ್ಷಮಿಸಿ ಎಂದರು ಗುಬ್ಬಿ. ಅವರು, ನನಗೆ.

ಹೊರಡುವ ಮೊದಲು ಹಾಜರಿ ಪುಸ್ತಕದ ಒಂದು ಪುಟಕ್ಕೆ ಬಸ್ ಟಿಕೆಟ್ ಇಟ್ಟು ಮುಚ್ಚಿ ಹೋದರು. ಯಾವ ಪುಟ ಎಂದು ನೋಡುವ ಧೈರ್ಯ ನನಗಾಗಲಿಲ್ಲ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಆಕೆ ಮೆಟ್ಟಿಲಿಳಿದ ಮೇಲೆ ಪದಬಂಧದಮ್ಮ ಮೆಲ್ಲಗೆ ಕೇಳಿದರು, “ಸಾರ್, ನಾನು ನವೆಂಬರಲ್ಲಿ ಮಗಳ ಮನೇಲಿದ್ದೆ. ಆಗ್ಲೂ ಬಂದಿದೀನಾ ಇಲ್ಲಿಗೆ?”

“ಬಂದಿದೀರಮ್ಮ.”

“ಪದಬಂಧ ಪೂರ್ತಿ ಮಾಡಿದ್ನಾ?”

ಯಾರೂ ನಗಲಿಲ್ಲ. ಅವರೂ ನಗಿಸಲು ಕೇಳಿದ್ದಲ್ಲ.

ಮನೆಗೆ ಹೋಗಿ ನಿನ್ನಮ್ಮನಿಗೆ ಎಲ್ಲ ಹೇಳಿದೆ. ಅರವತ್ತಮೂರು ದಿನದ ತನ್ನ ಹಾಜರಿಯ ಬಗ್ಗೆ ಅವಳು ತುಟಿ ಬಿಚ್ಚಲಿಲ್ಲ. “ಗಡಿಯಾರ ನಿಂತಾಗ್ಲಾದ್ರೂ ಗೊತ್ತಾಗ್ಬಾರ್ದಿತ್ತಾ ನಿಮಗೆ?” ಎಂದಳು. ಅಷ್ಟೇ. ಆಮೇಲೆ ಊಟಕ್ಕೆ ಬಡಿಸಿದಳು. ನಾನು ತಿಂದೆನೋ ಇಲ್ಲವೋ ನೆನಪಿಲ್ಲ.

ಮಾರನೆಯ ದಿನವೇ ಹೊಸ ಹಾಜರಿ ಪುಸ್ತಕ ತೆರೆದೆ. ಬಂದವರು ಮಾತ್ರ ಸಹಿ ಹಾಕುತ್ತಾರೆ. ಭಾನುವಾರ ಇಪ್ಪತ್ತೊಂದು. ಮಂಗಳವಾರ ಹದಿನೆಂಟು. ಬುಧವಾರ ಪದಬಂಧದಮ್ಮ ಬರಲಿಲ್ಲ. ಮೂರು ಗಂಟೆಗೆ ಅಟೆಂಡರಮ್ಮನನ್ನು ಅವರ ಮನೆಗೆ ಕಳಿಸಿದೆ. ಬರೀ ಹಲ್ಲುನೋವಂತೆ. ‘ಇವರಿಗೇನಾಗಿದೆ, ಒಂದು ದಿನಕ್ಕೇ ಹುಡುಕಿಸ್ತಾರೆ’ ಎಂದು ನಕ್ಕರಂತೆ. ನಗಲಿ.

ಗಡಿಯಾರಕ್ಕೆ ಕೀ ಕೊಟ್ಟೆ. ಆರು ತಿಂಗಳು ನಿಂತಿದ್ದದ್ದು ಏನೂ ಆಗದವರ ಹಾಗೆ ಓಡಲು ಶುರು ಮಾಡಿತು. ಅದಕ್ಕೆ ಯಾವ ರೋಗವೂ ಇರಲಿಲ್ಲ.

ಈಗ ನನ್ನ ಮುಂದೆ ಎರಡು ಲಕೋಟೆಗಳಿವೆ. ಒಂದು ನಿನಗೆ, ಇನ್ನೊಂದು ಮೇಲಿನ ಕಚೇರಿಗೆ. ಅದರಲ್ಲಿ ನಿಜವಾದ ಎಣಿಕೆ ಬರೆದಿದ್ದೇನೆ, ಸನ್ಮಾನ ನಿಲ್ಲಿಸಿ ಎಂದು ಕೇಳಿಕೊಂಡಿದ್ದೇನೆ, ಸಹಿ ಹಾಕಿದ ಕೈ ಯಾರದ್ದೆಂದೂ ಬರೆದಿದ್ದೇನೆ. ಲೈಬ್ರರಿ ವಿಲೀನವಾದೀತು. ನನ್ನನ್ನೂ ಎಲ್ಲಿಯಾದರೂ ವಿಲೀನ ಮಾಡಿಯಾರು. ಗೊರಕೆ ಗುರುಗಳು ಎಲ್ಲಿ ಮಲಗುತ್ತಾರೋ ಎಂಬುದೊಂದೇ ಚಿಂತೆ. ಆ ಇಪ್ಪತ್ತೆರಡು ಜನರಿಗೆ ಈ ಬಾಗಿಲು ಬೇಕಿತ್ತು, ಅದು ಮಾತ್ರ ನನ್ನ ಲೆಕ್ಕದಲ್ಲಿ ಸುಳ್ಳಲ್ಲ. ಹಾಗೆಂದು ಬರೆದು, ಇಪ್ಪತ್ತೆರಡಕ್ಕೇ ಉಳಿಸಿಕೊಡಿ ಎಂದು ಕೊನೆಯಲ್ಲಿ ಎರಡು ಸಾಲು ಬೇಡಿಕೊಂಡಿದ್ದೇನೆ. ಮೊದಲೇ ಬೇಡಬಹುದಿತ್ತು. ಬೇಡುವುದು ನಾಚಿಕೆ ಎಂದು ಕದ್ದೆ.

ನಿಮ್ಮ ಮೇಡಂ ಕೇಳಿದ ಲೇಖನ ಇದೇ. ಎರಡು ಪುಟ ಮೀರಿತು. ಚಪ್ಪಾಳೆ ತಟ್ಟಿದ ಅದೇ ತರಗತಿಯಲ್ಲಿ ಓದುವ ಧೈರ್ಯವಿದ್ದರೆ ಓದು. ನಿನಗೆ ತಲೆ ತಗ್ಗಿಸುವಂತಾದರೆ ಮಡಿಸಿ ಇಟ್ಟುಬಿಡು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಫೆಬ್ರವರಿಯ ಪತ್ರವನ್ನು ಮಾತ್ರ ಹರಿದುಹಾಕು.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮೇಜಿನ ಮುಂದೆ ಬಂದು ನಿಲ್ಲುವವರ ಮುಖ ನಿನಗೆ ನೆನಪಿರುವಂತಾಗಲಿ. ನನ್ನ ಬಳಿ ಈಗ ಉಳಿದಿರುವ ಹರಕೆ ಇದೊಂದೇ, ಅದನ್ನೂ ನಿನಗೇ ಕೊಡುತ್ತಿದ್ದೇನೆ.

ಇಂತು,
ನಿನ್ನ ಅಪ್ಪ
(ಈ ಸಹಿ ನನ್ನದೇ)

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವ ಮೊದಲು ಬೀರುವಿನ ಬೀಗ ತೆಗೆದು ಬಸ್ ಟಿಕೆಟ್ ಇಟ್ಟ ಪುಟ ನೋಡಿದೆ. ಸೆಪ್ಟೆಂಬರ್ ಮೂರು. ವಾಚಣ್ಣ ತಾವೇ ಬಂದು ಹಾಕಿದ ಕೊನೆಯ ಸಹಿ ಅಲ್ಲಿದೆ. ಸುತ್ತು ಕೂಡಿಕೊಂಡೇ ಇಲ್ಲ, ಗೆರೆ ಇರುವೆ ಹರಿದ ಹಾಗೆ ಅದುರಿದೆ, ಚುಕ್ಕೆ ದೂರ ಎಲ್ಲೋ ಬಿದ್ದಿದೆ. ಏಪ್ರಿಲ್‌ವರೆಗೆ ಹಿಂದಕ್ಕೆ ತಿರುವಿ ನೋಡಿದೆ, ಎಲ್ಲ ಹಾಗೆಯೇ. ಕೈ ನಡುಗುತ್ತಿತ್ತು ಗುಬ್ಬಿ, ಐದು ತಿಂಗಳಿಡೀ, ನನ್ನ ಮೂಗಿನ ಕೆಳಗೆ. ನಾನು ತಲೆಯೆತ್ತದೆ ‘ಬನ್ನಿ ಬನ್ನಿ’ ಎನ್ನುತ್ತಿದ್ದೆ. ಸೆಪ್ಟೆಂಬರ್ ನಾಲ್ಕರಿಂದ ಸಹಿ ದುಂಡಗೆ, ಗಟ್ಟಿಯಾಗಿ, ಅಂಗಡಿ ಇಟ್ಟುಕೊಂಡಿದ್ದ ಕಾಲದ ಹಾಗಿದೆ. ಆಕೆಗೆ ತಾರೀಖು ನೋಡುವ ಅಗತ್ಯವೂ ಬಿದ್ದಿರಲಾರದು.

ನಾಳೆ ಬೆಳಿಗ್ಗೆ ಬಾಗಿಲು ತೆರೆಯಲು ಅಟೆಂಡರಮ್ಮನಿಗೆ ಹೇಳಿದ್ದೇನೆ. ಹತ್ತು ಗಂಟೆಗೆ ಅವರ ಮನೆಗೆ ಹೋಗುತ್ತೇನೆ. ದಾರಿ ಯಾರನ್ನೂ ಕೇಳಬೇಕಾಗಿಲ್ಲ. ವಿಳಾಸವನ್ನು ಈ ಕೈಯಲ್ಲೇ ಮೂರು ಸಲ ಬರೆದಿದ್ದೇನೆ.